ಬೇಸಿಗೆ ಕ್ರೀಡಾ ಶಿಬಿರ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಬೀಳುವಷ್ಟರಲ್ಲಿ ಕ್ರಿಕೆಟ್, ಈಜು, ಬ್ಯಾಡ್ಮಿಂಟನ್, ಸ್ಕೇಟಿಂಗ್, ಕಬಡ್ಡಿ ಶಿಬಿರಗಳ ಬ್ಯಾನರ್‌ಗಳು ಊರ ತುಂಬ ಎದ್ದಿರುತ್ತವೆ. ಮಕ್ಕಳು ಮೊಬೈಲ್ ಬಿಟ್ಟು ಮೈದಾನಕ್ಕೆ ಇಳಿದರೆ ಸಾಕು ಎಂಬ ಆಸೆಯಿಂದ ಶುಲ್ಕ ಕಟ್ಟುತ್ತೇವೆ. ಆಗ ಮೇಜಿನ ಆಚೆಯಿಂದ ಒಂದು ಫಾರಂ ಬರುತ್ತದೆ. ಹೆಸರು, ವಯಸ್ಸು, ಟೀ ಶರ್ಟ್ ಅಳತೆ, ರಕ್ತದ ಗುಂಪು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ಶಿಬಿರದ ಅವಧಿಯಲ್ಲಿ ಸಂಭವಿಸುವ ಯಾವುದೇ ಗಾಯ ಅಥವಾ ಅನಾಹುತಕ್ಕೆ ಆಯೋಜಕರು ಹೊಣೆಯಲ್ಲ.’ “ಇಲ್ಲೊಂದು ಸೈನ್ ಹಾಕಿ ಮೇಡಂ” ಎನ್ನುತ್ತಾರೆ. ಹಿಂದೆ ಸಾಲು ನಿಂತಿರುತ್ತದೆ. ಹಾಕಿಬಿಡುತ್ತೇವೆ.

ಇಂಥ ಫಾರಂಗಳಲ್ಲಿ ಟೀ ಶರ್ಟ್ ಅಳತೆಗೆ ಜಾಗ ಇರುತ್ತದೆ, ಮಗುವಿಗೆ ಉಬ್ಬಸ ಇದೆಯೇ ಎಂಬ ಪ್ರಶ್ನೆಗೆ ಇರುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಆಟದಲ್ಲಿ ಏನೇನು ಅಪಾಯ ಇದೆ, ಅದಕ್ಕೆ ತಮ್ಮ ತಯಾರಿ ಏನು ಎಂದು ಶಿಬಿರದವರು ನಮಗೆ ಹೇಳಬೇಕು. ನಮ್ಮ ಮಗುವಿನ ದೇಹಸ್ಥಿತಿ ಏನು ಎಂದು ನಾವು ಅವರಿಗೆ ಹೇಳಬೇಕು. ಇವೆರಡೂ ಆದ ಮೇಲೆ ಹಾಕುವ ಸಹಿಯೇ ಒಪ್ಪಿಗೆ. ಅಮೆರಿಕದ ವಾಷಿಂಗ್ಟನ್ ರಾಜ್ಯ 2009ರಲ್ಲಿ ಮಾಡಿದ ಕಾನೂನಿನ ಪ್ರಕಾರ, ತಲೆಗೆ ಬೀಳುವ ಪೆಟ್ಟಿನ ಲಕ್ಷಣಗಳನ್ನು ವಿವರಿಸುವ ಹಾಳೆಯನ್ನು ಓದಿ ಪೋಷಕರೂ ಆಟಗಾರರೂ ಪ್ರತಿ ವರ್ಷ ಸಹಿ ಹಾಕಿದ ಮೇಲೇ ಅಭ್ಯಾಸ ಶುರುವಾಗಬೇಕು. ಅಲ್ಲಿ ಸಹಿ ಬೀಳುವುದು ಮಾಹಿತಿಯ ಕೆಳಗೆ. ನಮ್ಮಲ್ಲಿ ಅಂಥ ಕಾನೂನು ಬರುವ ತನಕ ಆ ಕೆಲಸವನ್ನು ಅಪ್ಪ ಅಮ್ಮಂದಿರೇ ಮಾಡಿಕೊಳ್ಳಬೇಕು.

ಹೆಜ್ಜೆ 1: ಫಾರಂ ಮನೆಗೆ ತನ್ನಿ

ಕೌಂಟರ್‌ನಲ್ಲಿ ನಿಂತು ಸಹಿ ಹಾಕಬೇಡಿ. “ಓದಿ ನಾಳೆ ತಂದುಕೊಡುತ್ತೇನೆ ಸರ್” ಎಂದರೆ ಯಾರೂ ಬೇಡ ಎನ್ನುವ ಹಾಗಿಲ್ಲ. ಬೇಡ ಎಂದರೆ ಆ ಶಿಬಿರದ ಬಗ್ಗೆ ನಿಮಗೆ ತಿಳಿಯಬೇಕಾದ್ದು ತಿಳಿಯಿತು. ಆನ್‌ಲೈನ್ ನೋಂದಣಿಯಾದರೆ ‘ಷರತ್ತುಗಳನ್ನು ಒಪ್ಪಿದ್ದೇನೆ’ ಎಂಬ ಚೌಕಕ್ಕೆ ಗುರುತು ಹಾಕುವ ಮೊದಲು ಆ ಷರತ್ತುಗಳ ಪುಟ ತೆರೆದು ಸ್ಕ್ರೀನ್‌ಶಾಟ್ ತೆಗೆದಿಡಿ.

ಕೆಲವು ಕಡೆ ‘ತಂದೆಯ ಸಹಿ’ ಎಂದಷ್ಟೇ ಇರುತ್ತದೆ. ಮಗುವನ್ನು ಒಬ್ಬರೇ ನೋಡಿಕೊಳ್ಳುತ್ತಿರುವ ತಾಯಂದಿರು ಇದಕ್ಕೆ ಹೆದರಬೇಕಿಲ್ಲ. ತಂದೆ ಮಗುವಿನ ಆರೈಕೆಯಲ್ಲಿ ಇಲ್ಲದಿದ್ದರೆ, ಅವರು ಬದುಕಿದ್ದರೂ ತಾಯಿ ಸಹಜ ಪೋಷಕಿಯಾಗಬಹುದು ಎಂದು ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ.

ಹೆಜ್ಜೆ 2: ಮಗುವಿನ ಆರೋಗ್ಯದ ಒಂದು ಹಾಳೆ ಬರೆಯಿರಿ

ಫಾರಂನಲ್ಲಿ ಜಾಗ ಇರಲಿ ಇಲ್ಲದಿರಲಿ, ಒಂದು ಬಿಳಿ ಹಾಳೆಯಲ್ಲಿ ನೀವೇ ಬರೆದು ಲಗತ್ತಿಸಿ. ಮೊದಲು ಹೃದಯದ ಪ್ರಶ್ನೆಗಳು. ಓಡುವಾಗ ಅಥವಾ ಓಡಿದ ಕೂಡಲೇ ಮಗು ಯಾವತ್ತಾದರೂ ಪ್ರಜ್ಞೆ ತಪ್ಪಿದೆಯೇ? ಆಡುವಾಗ ಎದೆ ನೋವು ಎಂದಿದೆಯೇ? ಓರಗೆಯ ಮಕ್ಕಳಿಗಿಂತ ಬೇಗ ಏದುಸಿರು ಬಿಡುತ್ತದೆಯೇ? ವೈದ್ಯರು ಎದೆಯಲ್ಲಿ ಮರ್ಮರ (ಹೃದಯ ಬಡಿತದ ಜೊತೆ ಕೇಳುವ ಹೆಚ್ಚುವರಿ ಸದ್ದು) ಇದೆ ಎಂದಿದ್ದರೇ? ಮನೆತನದಲ್ಲಿ ಯಾರಾದರೂ 50 ವರ್ಷದೊಳಗೆ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ? ಕೊನೆಯ ಪ್ರಶ್ನೆಯನ್ನು ಅಜ್ಜಿ ತಾತಂದಿರ ಹತ್ತಿರ ಕೂತು ಕೇಳಿ. ‘ಚಿಕ್ಕಪ್ಪ ಬಾವಿಯಲ್ಲಿ ಈಜುವಾಗ ಹೋಗಿಬಿಟ್ಟ’ ಎಂಬಂಥ ಮಾತು ಬಂದರೆ ಅದನ್ನೂ ವೈದ್ಯರಿಗೆ ಹೇಳಿ, ಏಕೆಂದರೆ ವಂಶದಲ್ಲಿ ಹರಿದುಬರುವ ಕೆಲವು ಹೃದ್ರೋಗಗಳು ಹೀಗೆಯೇ ಕಾಣಿಸಿಕೊಳ್ಳುತ್ತವೆ. ಯಾವುದೇ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದರೆ ವೈದ್ಯರನ್ನು ಕಾಣುವ ತನಕ ಶಿಬಿರ ಬೇಡ. ಇಸಿಜಿ, ಬೇಕಿದ್ದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಾರೆ. ಇಸಿಜಿ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ, ಆದ್ದರಿಂದ ಮನೆತನದ ಕಥೆಯನ್ನು ಮುಚ್ಚಿಡಬೇಡಿ.

ಆಮೇಲೆ ಉಳಿದವು. ಉಬ್ಬಸವಿದ್ದರೆ ಇನ್‌ಹೇಲರ್ ಮಗುವಿನ ಬ್ಯಾಗಿನಲ್ಲೇ ಇರಬೇಕು, ಕೋಚ್ ಕೊಠಡಿಯ ಬೀರುವಿನಲ್ಲಿ ಅಲ್ಲ. ಫಿಟ್ಸ್ ಬರುವ ಮಗುವನ್ನು ಈಜಿಗೆ ಹಾಕುವ ಮುಂಚೆ ನರರೋಗ ತಜ್ಞರ ಒಪ್ಪಿಗೆ ಬೇಕು, ನೀರಿನಲ್ಲಿರುವಷ್ಟು ಹೊತ್ತು ಅದೊಂದು ಮಗುವಿನ ಮೇಲೇ ಕಣ್ಣಿಟ್ಟ ಒಬ್ಬರು ಇರಬೇಕು. ಇನ್ಸುಲಿನ್ ತೆಗೆದುಕೊಳ್ಳುವ ಮಗುವಿಗೆ ಆಟದ ನಡುವೆ ಸಕ್ಕರೆ ಅಂಶ ಕುಸಿಯಬಹುದು. ಬೆವರು, ನಡುಕ, ತೊದಲುವಿಕೆ ಕಂಡರೆ ಏನು ಕೊಡಬೇಕು ಎಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅಲರ್ಜಿ, ಹಳೆಯ ಮುರಿತ, ಈಗ ತೆಗೆದುಕೊಳ್ಳುತ್ತಿರುವ ಔಷಧ, ಇತ್ತೀಚೆಗೆ ಬಂದ ಜ್ವರ ಎಲ್ಲವೂ ಇರಲಿ. ಡೆಂಗಿ, ಟೈಫಾಯ್ಡ್‌ನಿಂದ ಎದ್ದ ಮಗುವನ್ನು ‘ಶುಲ್ಕ ಕಟ್ಟಿಯಾಗಿದೆ’ ಎಂದು ಮೈದಾನಕ್ಕೆ ದೂಡಬೇಡಿ.

ಹುಡುಗಿಯರ ವಿಷಯದಲ್ಲಿ ರಕ್ತಹೀನತೆಯನ್ನು ಮರೆಯಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇತ್ತು. ‘ಇವಳು ಸೋಮಾರಿ, ಎರಡು ಸುತ್ತು ಓಡಿದರೆ ಕೂತುಬಿಡುತ್ತಾಳೆ’ ಎನ್ನಿಸಿಕೊಳ್ಳುವ ಹುಡುಗಿಗೆ ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಧನುರ್ವಾಯು ತಡೆಯುವ ಟಿಡಿ ಲಸಿಕೆ 10 ಮತ್ತು 16ನೇ ವಯಸ್ಸಿಗೆ ಬಿದ್ದಿರಬೇಕು, ಬಿದ್ದಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ.

ಹೆಜ್ಜೆ 3: ಶಿಬಿರ ನಡೆಯುವ ಹೊತ್ತಿಗೇ ಮೈದಾನಕ್ಕೆ ಹೋಗಿ

ಬೆಳಿಗ್ಗೆ ಆರೂವರೆಗೆ ನೋಡಿದ ಮೈದಾನಕ್ಕೂ ಹತ್ತೂವರೆಗೆ ನೋಡುವ ಮೈದಾನಕ್ಕೂ ಬಹಳ ವ್ಯತ್ಯಾಸವಿದೆ. ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಅದು ಎಲ್ಲರಿಗೂ ಗೊತ್ತು. ಮಂಗಳೂರು, ಉಡುಪಿ ಕಡೆ ಉಷ್ಣಾಂಶ ಅಷ್ಟಿರುವುದಿಲ್ಲ, ಆದರೆ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯದು. ಕರಾವಳಿಯ ಸೆಕೆಯನ್ನು ‘ಬರೀ 34 ಡಿಗ್ರಿ’ ಎಂದು ಹಗುರವಾಗಿ ನೋಡುವಂತಿಲ್ಲ.

ಹೋದಾಗ ನೆರಳು ಎಲ್ಲಿದೆ, ಕುಡಿಯುವ ನೀರು ಎಲ್ಲಿದೆ, ಎಷ್ಟು ಹೊತ್ತಿಗೊಮ್ಮೆ ಬಿಡುವು ಕೊಡುತ್ತಾರೆ ಎಂದು ಕಣ್ಣಾರೆ ನೋಡಿ. ಐಸ್ ಇದೆಯೇ ಎಂದು ಕೇಳಿ. ಮೈದಾನದಲ್ಲಿ ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ, ಉಸಿರು ಕೊಟ್ಟು ಜೀವ ಉಳಿಸುವ ವಿಧಾನ) ಕಲಿತವರು ಯಾರು ಎಂದು ಕೇಳಿ, “ನಮ್ಮಲ್ಲಿ ಎಲ್ಲರಿಗೂ ಗೊತ್ತು” ಎಂಬ ಉತ್ತರ ಬಂದರೆ ಹೆಸರು ಹೇಳಲು ಹೇಳಿ. ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಬಡಿತ ಸರಿಪಡಿಸುವ ಎಇಡಿ ಯಂತ್ರ ಇದೆಯೇ? ಬಹಳ ಕಡೆ ಇರುವುದಿಲ್ಲ, ಆದರೂ ಕೇಳಬೇಕು, ಕೇಳುವವರು ಹೆಚ್ಚಾದರೆ ತರಿಸುತ್ತಾರೆ. 108 ಆಂಬುಲೆನ್ಸ್ ಬಂದರೆ ಯಾವ ಗೇಟಿನಿಂದ ಒಳಬರಬೇಕು, ಆ ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಈ ಒಂದು ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟವರು ಉಳಿದದ್ದನ್ನೂ ಯೋಚಿಸಿರುತ್ತಾರೆ.

ಈಜುಕೊಳವಾದರೆ ಕೋಚ್ ಬೇರೆ, ಜೀವರಕ್ಷಕ ಬೇರೆ ಇರಬೇಕು. ಇಪ್ಪತ್ತು ಮಕ್ಕಳಿಗೆ ಕೈಕಾಲು ಬಡಿಯುವುದನ್ನು ಹೇಳಿಕೊಡುತ್ತಿರುವವರು ಮೂಲೆಯಲ್ಲಿ ಮುಳುಗುತ್ತಿರುವ ಮಗುವನ್ನು ಗಮನಿಸಲಾರರು. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ಸದ್ದಿಲ್ಲದೆ ನೀರಿನ ಕೆಳಗೆ ಹೋಗುತ್ತದೆ.

ಸಂಜೆಯ ಶಿಬಿರಕ್ಕೆ ಇನ್ನೊಂದು ಅಪಾಯವಿದೆ, ಸಿಡಿಲು. ಮುಂಗಾರು ಪೂರ್ವ ಮಳೆಯ ದಿನಗಳಲ್ಲಿ ಗುಡುಗು ಕಿವಿಗೆ ಬಿದ್ದರೆ ಮೈದಾನ ಖಾಲಿಯಾಗಬೇಕು. ಮರದಡಿ, ಶಾಮಿಯಾನದಡಿ ನಿಲ್ಲುವುದಲ್ಲ, ಕಟ್ಟಡದೊಳಗೆ ಅಥವಾ ಗಾಜು ಏರಿಸಿದ ವಾಹನದೊಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಹೊರಬರಬಾರದು. ಈ ನಿಯಮ ಶಿಬಿರದಲ್ಲಿ ಜಾರಿಯಲ್ಲಿದೆಯೇ ಎಂದು ಕೇಳಿಕೊಳ್ಳಿ.

ಬಟ್ಟೆ ಬದಲಿಸುವ ಕೋಣೆ, ಶೌಚಾಲಯಗಳನ್ನೂ ನೋಡಿ. ಹುಡುಗಿಯರಿರುವ ಶಿಬಿರದಲ್ಲಿ ಮಹಿಳಾ ಸಿಬ್ಬಂದಿ ಇರಲೇಬೇಕು. ಮಸಾಜ್, ಫಿಸಿಯೋ ಎಂದು ಮಗುವನ್ನು ಒಂಟಿಯಾಗಿ ಕೋಣೆಗೆ ಕರೆದೊಯ್ಯುವುದಕ್ಕೆ ಒಪ್ಪಿಗೆ ಕೊಡಬೇಡಿ. ಲೈಂಗಿಕ ದೌರ್ಜನ್ಯದ ಬಗ್ಗೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ‘ನಮ್ಮೊಳಗೇ ಬಗೆಹರಿಸೋಣ’ ಎನ್ನುವ ಅವಕಾಶ ಆಯೋಜಕರಿಗಿಲ್ಲ. ಮಕ್ಕಳ ಸಹಾಯವಾಣಿ 1098 ಅನ್ನು ಮಗುವಿಗೂ ಬಾಯಿಪಾಠ ಮಾಡಿಸಿ.

ಹೆಜ್ಜೆ 4: ‘ಹೊಣೆಯಲ್ಲ’ ಎಂಬ ಸಾಲನ್ನು ಅರ್ಥ ಮಾಡಿಕೊಳ್ಳಿ, ನಿಮ್ಮ ಸಾಲು ಸೇರಿಸಿ

18 ತುಂಬದ ಮಗು ತಾನೇ ಹಾಕಿದ ಸಹಿಗೆ ಒಪ್ಪಂದದ ಬೆಲೆ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಂ ಹಾಗೆನ್ನುತ್ತದೆ, ಅಂಥ ಕರಾರು ಅನೂರ್ಜಿತ ಎಂದು ಬ್ರಿಟಿಷರ ಕಾಲದ ಅಂತಿಮ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲೇ ತೀರ್ಮಾನಿಸಿದೆ. ಇನ್ನು ಅಪ್ಪ ಅಮ್ಮನ ಸಹಿ. ಆಟದ ಸಹಜ ಅಪಾಯಗಳು ನಿಮಗೆ ತಿಳಿದಿದ್ದವು ಎಂಬುದಕ್ಕೆ ಅದು ಸಾಕ್ಷಿಯಾಗುತ್ತದೆ: ಓಡುವಾಗ ಕಾಲು ಉಳುಕಬಹುದು, ಚೆಂಡು ಬೆರಳಿಗೆ ಬಡಿಯಬಹುದು. ಆದರೆ ಕೊಳದಲ್ಲಿ ಜೀವರಕ್ಷಕರನ್ನೇ ಇಡದಿರುವುದು, ಪ್ರಜ್ಞೆ ತಪ್ಪಿದ ಮಗುವನ್ನು ಒಂದು ಗಂಟೆ ಬೆಂಚಿನ ಮೇಲೆ ಮಲಗಿಸಿಡುವುದು ಸಹಜ ಅಪಾಯವಲ್ಲ, ನಿರ್ಲಕ್ಷ್ಯ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅಡಿ ಅದು ಅಪರಾಧ. ಅಪರಾಧದ ಹೊಣೆಯನ್ನು ಯಾರ ಸಹಿಯೂ ಅಳಿಸಲಾರದು. ಹಾಗಾಗಿ ‘ಸಹಿ ಹಾಕಿಬಿಟ್ಟಿದ್ದೇವೆ, ಇನ್ನೇನು ಮಾಡಲಾದೀತು’ ಎಂದು ಕೈಚೆಲ್ಲಬೇಡಿ.

ಆ ಸಾಲಿನ ಪಕ್ಕದಲ್ಲೇ ಪೆನ್ನಿನಿಂದ ಬರೆಯಿರಿ: ‘ಆಯೋಜಕರ ನಿರ್ಲಕ್ಷ್ಯದಿಂದ ಆಗುವ ಹಾನಿಗೆ ಈ ಷರತ್ತು ಅನ್ವಯಿಸದು.’ ಸಹಿ, ದಿನಾಂಕ ಹಾಕಿ, ಫೋಟೊ ತೆಗೆದುಕೊಂಡು ಕೊಡಿ.

ತುರ್ತು ಚಿಕಿತ್ಸೆಯ ಒಪ್ಪಿಗೆ ಇನ್ನೂ ಮುಖ್ಯ, ಬಹಳ ಫಾರಂಗಳಲ್ಲಿ ಅದೇ ಇರುವುದಿಲ್ಲ. ಮಗುವನ್ನು ಆಸ್ಪತ್ರೆಗೆ ಕರೆದೊಯ್ದ ಕೋಚ್ ‘ಪೋಷಕರು ಫೋನ್ ಎತ್ತುತ್ತಿಲ್ಲ’ ಎಂದು ತಡವರಿಸುವಂತಾಗಬಾರದು. ಹೀಗೆ ಬರೆದುಕೊಡಿ: ‘ತುರ್ತು ಸಂದರ್ಭದಲ್ಲಿ ಕೂಡಲೇ ನನ್ನ ಮಗುವಿಗೆ ಪ್ರಥಮ ಚಿಕಿತ್ಸೆ ನೀಡಿ ಹತ್ತಿರದ ಆಸ್ಪತ್ರೆಗೆ ಸೇರಿಸಲು, ಜೀವ ಅಥವಾ ಅಂಗ ಉಳಿಸಲು ವೈದ್ಯರು ಅಗತ್ಯವೆಂದ ಚಿಕಿತ್ಸೆ ಕೊಡಿಸಲು ಒಪ್ಪಿದ್ದೇನೆ. ಅದೇ ವೇಳೆ ನನಗೂ ಕೆಳಗಿನ ಇನ್ನಿಬ್ಬರಿಗೂ ಕರೆ ಮಾಡತಕ್ಕದ್ದು. ತುರ್ತಲ್ಲದ ಯಾವ ಚಿಕಿತ್ಸೆಗೂ, ಮಾತ್ರೆಗೂ, ಇಂಜೆಕ್ಷನ್‌ಗೂ ನನ್ನನ್ನು ಕೇಳದೆ ಒಪ್ಪಿಗೆ ಇಲ್ಲ.’ ಅಂಥ ಪತ್ರ ಇಲ್ಲದಿದ್ದರೂ ವೈದ್ಯರು ಕೈಕಟ್ಟಿ ಕೂರುವಂತಿಲ್ಲ. ಸರ್ಕಾರಿ ಇರಲಿ ಖಾಸಗಿ ಇರಲಿ, ಗಾಯಾಳುವಿಗೆ ಮೊದಲು ಚಿಕಿತ್ಸೆ ಕೊಡಬೇಕು, ಕಾನೂನಿನ ವಿಧಿವಿಧಾನ ಆಮೇಲೆ ಎಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿದೆ.

ಪ್ರೋಟೀನ್ ಪುಡಿ, ‘ಎನರ್ಜಿ’ ಡ್ರಿಂಕ್, ನೋವಿನ ಮಾತ್ರೆ ಯಾವುದಕ್ಕೂ ಒಟ್ಟಾರೆ ಒಪ್ಪಿಗೆ ಬೇಡ. ಫೋಟೊ, ವಿಡಿಯೊವನ್ನು ಇನ್‌ಸ್ಟಾಗ್ರಾಂಗೆ ಹಾಕುವ ಒಪ್ಪಿಗೆಯನ್ನು ಬೇರೆಯಾಗಿಯೇ ಕೇಳಲಿ, ಇಷ್ಟವಿಲ್ಲದಿದ್ದರೆ ಹೊಡೆದುಹಾಕಿ.

ಹೆಜ್ಜೆ 5: ಮಗುವನ್ನು ಕೇಳಿ

ಆಡುವುದು ಮಗು, ಹಾಗಾಗಿ ಅದರ ಒಪ್ಪಿಗೆಯೂ ಬೇಕು. “ಪುಟ್ಟಾ, ನೋವಾದರೆ ಸರ್‌ಗೆ ಹೇಳ್ತೀಯಾ?” ಎಂದು ಕೇಳಿ ನೋಡಿ. “ಹೇಳಿದ್ರೆ ಟೀಮಿಂದ ತೆಗೀತಾರೆ” ಎಂಬ ಉತ್ತರ ಎಷ್ಟು ಮಕ್ಕಳ ಬಾಯಲ್ಲಿ ಬರುತ್ತದೆ! ನೋವು ಮುಚ್ಚಿಟ್ಟು ಆಡುವುದು ಧೈರ್ಯವಲ್ಲ ಎಂದು ಮನೆಯಲ್ಲೇ ಹೇಳಬೇಕು, ಕೋಚ್ ಎದುರಿಗೂ ಒಮ್ಮೆ ಹೇಳಬೇಕು. ಆಗ ಇಬ್ಬರಿಗೂ ಕೇಳಿಸಿರುತ್ತದೆ.

ಶಿಕ್ಷೆಯ ಬಗ್ಗೆಯೂ ಈಗಲೇ ಮಾತಾಡಿ. ತಡವಾಗಿ ಬಂದದ್ದಕ್ಕೆ ನೂರು ಬಸ್ಕಿ, ಕ್ಯಾಚ್ ಬಿಟ್ಟದ್ದಕ್ಕೆ ಬಿಸಿಲಲ್ಲಿ ಹತ್ತು ಸುತ್ತು ಓಟ ನಮ್ಮ ಮೈದಾನಗಳಲ್ಲಿ ಮಾಮೂಲಿ ಎಂಬಂತಾಗಿದೆ. ರೂಢಿಯಿಲ್ಲದ ಮಗು ಒಂದೇ ಸಲ ಅಷ್ಟು ಬಸ್ಕಿ ಹೊಡೆದರೆ ತೊಡೆಯ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೊಡೆತ ಬೀಳಬಹುದು. ಮಾರನೆಯ ದಿನ ತೊಡೆ ಊದಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಎಣ್ಣೆ ಹಚ್ಚಿ ಮಲಗಿಸಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ‘ವ್ಯಾಯಾಮವನ್ನು ಶಿಕ್ಷೆಯಾಗಿ ಕೊಡಲು ಒಪ್ಪಿಗೆ ಇಲ್ಲ’ ಎಂಬ ಸಾಲೂ ನಿಮ್ಮ ಹಾಳೆಯಲ್ಲಿರಲಿ.

ಹೆಜ್ಜೆ 6: ಮೊದಲ ಎರಡು ವಾರ ಹತ್ತಿರದಿಂದ ನೋಡಿ

ಬಿಸಿಲಿಗೆ ದೇಹ ಒಗ್ಗಿಕೊಳ್ಳಲು 10ರಿಂದ 14 ದಿನ ಬೇಕು. ಹೀಟ್ ಸ್ಟ್ರೋಕ್ ಅಪಾಯ ಹೆಚ್ಚಿರುವುದು ಮೊದಲ ಕೆಲವು ದಿನಗಳಲ್ಲೇ. ವಾರ್ಷಿಕ ಪರೀಕ್ಷೆಗೆಂದು ತಿಂಗಳುಗಟ್ಟಲೆ ಕೂತೇ ಇದ್ದ ಮಗುವನ್ನು ಮೊದಲ ದಿನವೇ ಎರಡು ಗಂಟೆ ಓಡಿಸುವ ಶಿಬಿರ ಸರಿಯಿಲ್ಲ. ಅರ್ಧ ಗಂಟೆಯಿಂದ ಶುರುಮಾಡಿ ಏರಿಸುತ್ತಾ ಹೋಗಬೇಕು.

ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಬಂದರೆ ನೆರಳಿಗೆ ಕರೆತಂದು ನೀರು, ಮಜ್ಜಿಗೆ, ಓಆರ್‌ಎಸ್ ಕೊಡಬೇಕು. ಆದರೆ ಮಗು ಅಸಂಬದ್ಧವಾಗಿ ಮಾತಾಡಿದರೆ, ತೂರಾಡಿದರೆ, ಕುಸಿದರೆ ಅದು ಹೀಟ್ ಸ್ಟ್ರೋಕ್ ಎಂದೇ ತಿಳಿಯಬೇಕು. ಮೈಯೊಳಗಿನ ಶಾಖ 40 ಡಿಗ್ರಿ ದಾಟಿರುತ್ತದೆ. ಇಲ್ಲಿ ಒಂದೊಂದು ನಿಮಿಷವೂ ಲೆಕ್ಕ. ಆಂಬುಲೆನ್ಸ್‌ಗೆ ಕರೆ ಮಾಡಿ, ಅದು ಬರುವ ತನಕ ಮೈ ತಣಿಸಬೇಕು. ಶೂ, ಪ್ಯಾಡ್, ಜೆರ್ಸಿ ಬಿಚ್ಚಿ, ದೊಡ್ಡ ಟಬ್ ಇದ್ದರೆ ಐಸ್ ನೀರಿನಲ್ಲಿ ಕತ್ತಿನವರೆಗೆ ಕೂರಿಸಿ ಒಬ್ಬರು ಹಿಡಿದುಕೊಂಡಿರಬೇಕು. ಟಬ್ ಇಲ್ಲವೇ, ಕೊಳಾಯಿ ಪೈಪ್ ಹಿಡಿದು ಮೈಗೆಲ್ಲ ನೀರು ಬಿಡಿ, ಒದ್ದೆ ಟವೆಲ್ ಹೊದಿಸಿ ಗಾಳಿ ಬೀಸುತ್ತಿರಿ, ಟವೆಲ್ ಬಿಸಿಯಾದಂತೆಲ್ಲ ಮತ್ತೆ ಅದ್ದಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬಾರದು. ಅರೆಪ್ರಜ್ಞೆಯಲ್ಲಿರುವ ಮಗುವಿನ ಬಾಯಿಗೆ ನೀರು ಹಾಕಬಾರದು.

ಓಆರ್‌ಎಸ್ ಎಂದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ, ಒಂದು ಲೀಟರ್ ನೀರಿಗೆ ಕಲಸುವ ಪುಡಿ. ಆ ಹೆಸರು ಹಾಕಿಕೊಂಡು ಸಕ್ಕರೆ ಪಾನೀಯ ಮಾರುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿದೆ. ಹಳೆಯ ಡಬ್ಬಿಗಳು ಕ್ಯಾಂಟೀನಿನಲ್ಲಿ ಕಂಡರೆ ತೆಗೆಸಿ.

ಇನ್ನು ಅತಿ ಅಭ್ಯಾಸ. ಮಗುವಿನ ವಯಸ್ಸು ಎಷ್ಟೋ ವಾರಕ್ಕೆ ಅಷ್ಟು ಗಂಟೆಗಿಂತ ಹೆಚ್ಚು ಒಂದೇ ಆಟದ ತರಬೇತಿ ಬೇಡ, ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ ಬೇಕು ಎಂಬುದು ಕ್ರೀಡಾ ವೈದ್ಯರು ಹೇಳುವ ಸರಳ ಲೆಕ್ಕ. ಹದಿಮೂರು ಹದಿನಾಲ್ಕರ ವೇಗದ ಬೌಲರ್ ಸೊಂಟದ ಹತ್ತಿರ ಒಂದೇ ಕಡೆ ನೋವು ಎನ್ನುತ್ತಿದ್ದರೆ ಬೆನ್ನೆಲುಬಿನ ಸಣ್ಣ ಬಿರುಕು ಇರಬಹುದು. ಬೌಲಿಂಗ್ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.

ಹೆಜ್ಜೆ 7: ತಲೆಗೆ ಪೆಟ್ಟು ಬಿದ್ದರೆ ಆ ದಿನದ ಆಟ ಅಲ್ಲಿಗೆ ಮುಗಿಯಿತು

ಪ್ರಜ್ಞೆ ತಪ್ಪದಿದ್ದರೂ ಮಿದುಳು ಅಲುಗಿರಬಹುದು. ತಲೆನೋವು, ಮಂಕು, ಕಣ್ಣು ಮಂಜು, ‘ಸ್ಕೋರ್ ಎಷ್ಟಿತ್ತು’ ಎಂದರೆ ನೆನಪಾಗದಿರುವುದು ಇದರ ಗುರುತು. ಇವನ್ನೇ ಕನ್ಕಷನ್ ಎನ್ನುತ್ತಾರೆ. 2019ರ ಆ್ಯಷಸ್ ಸರಣಿಯಲ್ಲಿ ಸ್ಟೀವ್ ಸ್ಮಿತ್ ಬದಲಿಗೆ ಮಾರ್ನಸ್ ಲಾಬುಷೇನ್ ಬ್ಯಾಟ್ ಹಿಡಿದು ಬಂದದ್ದು ಈ ಕಾರಣಕ್ಕೇ. ವಿಶ್ವದ ಶ್ರೇಷ್ಠ ಬ್ಯಾಟರ್‌ನನ್ನೇ ಹೊರಗೆ ಕೂರಿಸುತ್ತಾರೆಂದರೆ ಬಡಾವಣೆ ಪಂದ್ಯದಲ್ಲಿ ನಮ್ಮ ಮಗುವನ್ನು ಕೂರಿಸಲು ಹಿಂಜರಿಯುವುದೇಕೆ? ಒಂದೆರಡು ದಿನ ವಿಶ್ರಾಂತಿ, ಮೊಬೈಲ್ ಕಡಿಮೆ, ಆಮೇಲೆ ನಡಿಗೆ, ಹಗುರ ಓಟ ಹೀಗೆ ಒಂದೊಂದು ಹಂತಕ್ಕೆ ಕನಿಷ್ಠ ಒಂದು ದಿನ ಕೊಟ್ಟು, ವೈದ್ಯರು ಸರಿ ಎಂದ ಮೇಲೆ ಮತ್ತೆ ಆಟ. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ, ಫಿಟ್ಸ್ ಕಂಡರೆ ಕಾಯದೆ ಆಸ್ಪತ್ರೆಗೆ.

ಎದೆಗೆ ಚೆಂಡು ಬಡಿದು, ಅಥವಾ ಓಡುತ್ತಲೇ ಮಗು ಕುಸಿದು, ಉಸಿರಾಟ ಸರಿಯಿಲ್ಲದಿದ್ದರೆ ಅದು ಹೃದಯ ಸ್ತಂಭನ. ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120ರಂತೆ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಎಇಡಿ ಇದ್ದರೆ ಕೂಡಲೇ ತಂದು ಹಚ್ಚಿ. ನೀರಿನಿಂದ ಎತ್ತಿದ ಮಗುವಾದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಆಮೇಲೆ ಎದೆ ಒತ್ತುವುದು.

ಹೆಜ್ಜೆ 8: ಅನಾಹುತವಾದರೆ ಮೊದಲು ಚಿಕಿತ್ಸೆ, ಅದರ ಜೊತೆಗೇ ದಾಖಲೆ

ಆಸ್ಪತ್ರೆಯಲ್ಲಿ ಗಾಯ ಎಲ್ಲಿ ಹೇಗಾಯಿತು ಎಂದು ಕೇಳಿದಾಗ ಇದ್ದದ್ದನ್ನೇ ಹೇಳಿ. ‘ಮನೆಯಲ್ಲಿ ಬಿದ್ದ ಎಂದುಬಿಡಿ, ಸುಮ್ಮನೆ ರಗಳೆ’ ಎಂದು ಯಾರು ಹೇಳಿದರೂ ಒಪ್ಪಬೇಡಿ. ಆ ಒಂದು ಸಾಲು ಮುಂದೆ ವಿಮೆಗೂ ದೂರಿಗೂ ಅಡ್ಡ ಬರುತ್ತದೆ. ಅಂದೇ ಆಯೋಜಕರಿಗೆ ಬರಹದಲ್ಲಿ ಎರಡು ವಿಷಯ ಕೇಳಿ: ಘಟನೆಯ ಲಿಖಿತ ವರದಿ, ಸಿಸಿಟಿವಿ ದೃಶ್ಯವನ್ನು ಅಳಿಸದೆ ಉಳಿಸಿಡುವುದು. ಕೆಲವು ದಿನಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸತು ದಾಖಲಾಗಿಬಿಡುತ್ತದೆ. ಜೊತೆಗಿದ್ದ ಮಕ್ಕಳ ಪೋಷಕರ ಜೊತೆ ಮಾತಾಡಿ, ಕಂಡದ್ದನ್ನು ಬರೆದಿಟ್ಟುಕೊಳ್ಳಿ.

ಗಂಭೀರ ನಿರ್ಲಕ್ಷ್ಯವಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಶುಲ್ಕ ಪಡೆದು ನಡೆಸುವ ಖಾಸಗಿ ಶಿಬಿರದಲ್ಲಿ ಸೇವಾಲೋಪವಾಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ನೀವು ಕಟ್ಟಿದ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು, 1915 ಸಹಾಯವಾಣಿಯಲ್ಲಿ ಮಾರ್ಗದರ್ಶನ ಸಿಗುತ್ತದೆ. ಶಾಲೆಯೇ ನಡೆಸುವ ಶಿಬಿರಕ್ಕೆ ಈ ದಾರಿ ಅಷ್ಟು ಸಲೀಸಲ್ಲ. ಶಾಲಾ ಕಾಲೇಜುಗಳ ಪಠ್ಯೇತರ ಚಟುವಟಿಕೆಗಳು ಗ್ರಾಹಕ ಕಾಯ್ದೆಯ ಅಡಿ ಬರುವುದಿಲ್ಲ ಎಂದು 2020ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿದ್ದರಿಂದ, ಅಲ್ಲಿ ಸಿವಿಲ್ ನ್ಯಾಯಾಲಯದ ದಾರಿಯ ಬಗ್ಗೆ ವಕೀಲರನ್ನು ಕೇಳಬೇಕು. ವಕೀಲರ ಶುಲ್ಕ ಭರಿಸಲಾಗದವರು ಆಯಾ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಮಹಿಳೆಯರಿಗೆ ಮತ್ತು ಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ.